ಮೊದಲು ಸೆರಗು, ಆಮೇಲೆ ಉಳಿದದ್ದು

ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಇರಬಹುದು. ಕಪ್ಪು, ಗಿಳಿಹಸಿರು, ನವಿಲಿನ ಬಣ್ಣ, ದಾಳಿಂಬೆ ಕೆಂಪು, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ. ಸೆರಗು ಮಾತ್ರ ಕೆಂಪು, ಅದರ ಮೇಲೆ ಬಿಳಿಯ ತೆನಿ. ಅದನ್ನು ಬದಲಿಸುವ ಅಧಿಕಾರವನ್ನು ನೇಕಾರರು ನಮಗೆ ಕೊಟ್ಟಿಲ್ಲ. ಕೊಡದೇ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನು ನಂಬಿದ್ದೇನೆ. ಮುಂಜಾನೆ ಕಪಾಟು ತೆರೆದು ಏನು ಉಡಲಿ ಎಂದು ನಿಂತಾಗ ಅರ್ಧ ಉತ್ತರ ಮೊದಲೇ ಸಿಕ್ಕಿರುತ್ತದೆ. ಆ ಕೆಂಪಿಗೆ ಯಾವ ಕುಪ್ಪಸ, ಯಾವ ಬಳೆ, ಯಾವ ಓಲೆ ಎನ್ನುವುದಷ್ಟೇ ಉಳಿದ ಲೆಕ್ಕ. ಗದಗ-ಬೆಟಗೇರಿಯಲ್ಲಿ ಬೆಳೆದ ನನ್ನ ಓರಗೆಯ ಹುಡುಗಿಯರಿಗೆ ಉಡುಗೆಯ ರುಚಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಮೊದಲು ಈ ಸೆರಗನ್ನು ತೋರಿಸುತ್ತೇನೆ. ಸಿನಿಮಾ, ಫೋನು, ಹುಬ್ಬಳ್ಳಿಯ ದೊಡ್ಡ ಅಂಗಡಿಗಳೆಲ್ಲ ಆಮೇಲೆ ಬಂದವು.

ಆ ಕೆಂಪು ಕೆಂಪಾಗಿಯೇ ಉಳಿಯುವುದು ಹೇಗೆ ಎಂದು ತಿಳಿಯಬೇಕಾದರೆ ಮಗ್ಗದ ಮುಂದೆ ಕೂರಬೇಕು. ಬೇರೆ ಎಷ್ಟೋ ಸೀರೆಗಳಲ್ಲಿ ಹಾಸಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಸೆರಗು ಬಂದಾಗ ಹೊಕ್ಕಿನ ನೂಲಷ್ಟೇ ಬದಲಾಗುತ್ತದೆ. ಹಸಿರು ಹಾಸಿಗೆ ಕೆಂಪು ಹೊಕ್ಕು ಬಿದ್ದರೆ ಸೆರಗು ಅತ್ತ ಹಸಿರೂ ಅಲ್ಲ, ಇತ್ತ ಕೆಂಪೂ ಅಲ್ಲ, ಮಬ್ಬು ಬಣ್ಣ. ಇಳಕಲ್ ಕ್ರಮದಲ್ಲಿ ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಒಡಲಿನದು ಹತ್ತಿಯಾಗಿದ್ದರೂ ಸೆರಗಿನದು ಕೆಂಪು ರೇಷ್ಮೆ. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿ, ಸೀರೆಯ ಅಗಲದುದ್ದಕ್ಕೂ ಜೋಡಿಸುತ್ತ ಹೋಗುತ್ತಾರೆ. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಹೀಗೆ ಜೋಡಿಸಿದ ಮೇಲೆ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಬಿಸಿಲಿಗೆ ಹಿಡಿದರೂ ಅದರಲ್ಲಿ ಬೇರೆ ಬಣ್ಣದ ನೆರಳಿಲ್ಲ. ಆದರೆ ಈ ಕ್ರಮದಲ್ಲಿ ಹತ್ತಾರು ಸೀರೆಗೆ ಒಟ್ಟಿಗೆ ಹಾಸು ಹೂಡಲು ಬರುವುದಿಲ್ಲ. ಆರು ಗಜವೋ, ಎಂಟೋ, ಒಂಬತ್ತೋ, ಒಂದು ಸೀರೆಗೆ ಒಂದು ಹಾಸು. ಅದು ಮುಗಿದ ಮೇಲೆ ಇನ್ನೊಂದಕ್ಕೆ ಮತ್ತೆ ಕೊಂಡಿ.

ಸೀರೆ ಕೊಳ್ಳುವಾಗ ನಾನು ಮಡಿಕೆ ಬಿಚ್ಚಿಸಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಮೊದಲು ನೋಡುತ್ತೇನೆ. ಅಲ್ಲಿ ಕುಣಿಕೆಗಳ ಸಣ್ಣ ಸಾಲು ಬೆರಳಿಗೆ ತಾಗಬೇಕು, ಬಣ್ಣ ಒಮ್ಮೆಲೇ ಬದಲಾಗಬೇಕು. ಒಡಲಿನ ಎಳೆ ಸೆರಗಿನೊಳಗೂ ನುಗ್ಗಿ ಕೆಂಪು ಕಂದಿದ್ದರೆ ಅದು ಕೊಂಡಿಯ ಸೀರೆಯಲ್ಲ. ಪವರ್‌ಲೂಮಿನ ಅಂಥ ಸೀರೆಗಳು ಈಗ ಬೇಕಾದಷ್ಟಿವೆ, ಅಗ್ಗವೂ ಹೌದು. ದಿನಾ ಉಟ್ಟು ಒಗೆಯುವವರು ಅವನ್ನು ಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ಅವನ್ನೇ ಕೈಮಗ್ಗದ ಬೆಲೆಗೆ ಮಾರುವುದನ್ನು ಮಾತ್ರ ಒಪ್ಪಲಾರೆ. ಬೆಟಗೇರಿಯ ಓಣಿಗಳಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುವವರು ಇನ್ನೂ ಇದ್ದಾರೆ. ಅವರ ಕೂಲಿ ಆ ಕೊಂಡಿಯಲ್ಲಿದೆ.

ಸೆರಗಿನ ತುದಿಯ ಬಿಳಿ ತೆನಿಯಲ್ಲೂ ಬಗೆಗಳಿವೆ: ಹಣಿಗೆಯ ಹಲ್ಲಿನಂಥದ್ದು, ಕೋಟೆಯ ತೆನೆಯಂಥದ್ದು, ಜೋಳದ ತೆನೆಯಂಥದ್ದು. ದಡಿಗೆ ಚಿಕ್ಕಿ ಪರಾಸ, ಗೋಮಿ, ಗಾಡಿದಡಿ ಎಂದು ಹೆಸರು. ನನ್ನ ಮನಸ್ಸು ಗೋಮಿಯ ಕಡೆಗೆ. ಗಾಯತ್ರಿ ಎಂದು ಮಾರುವ ಹೊಸ ದಡಿಗಳು ನನಗೆ ಹಿಡಿಸಿಲ್ಲ. ಜರಿಯ ಮಿಂಚಿನಲ್ಲಿ ದಡಿಯ ಸಣ್ಣ ಗೀರುಗಳ ಕೆಲಸ ಮುಚ್ಚಿಹೋಗುತ್ತದೆ.

ಇಷ್ಟು ಕಷ್ಟಪಟ್ಟು ನೇಯ್ದ ಸೆರಗನ್ನು ನಾವು ಉಡುವ ರೀತಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ನಾಲ್ಕು ಬೆರಳಗಲಕ್ಕೆ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಹೆಗಲಿಗೆ ಪಿನ್ನು ಚುಚ್ಚಿದರೆ ತೆನಿಯೆಲ್ಲ ಮಡಿಕೆಯೊಳಗೆ ಹೂತುಹೋಗುತ್ತದೆ. ಸೆರಗನ್ನು ಹರವಿ ಬಿಡಬೇಕು. ನಮ್ಮ ಅಜ್ಜಿಯಂದಿರು ತಲೆ ಮೇಲೆ ಹೊದ್ದಾಗ ಬೆನ್ನ ತುಂಬ ಕೆಂಪು ಕಾಣುತ್ತಿತ್ತು. ನಾನು ತಲೆ ಮೇಲೆ ಹೊದೆಯುವುದಿಲ್ಲ, ಹೆಗಲ ಮೇಲೆ ಹರವಿ ತುದಿಯನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸುತ್ತೇನೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ನಿಂತು ಹೋಗಲೂ ಇದು ಅನುಕೂಲ, ಎರಡೂ ಕೈ ಬಿಡುವಾಗಿರುತ್ತವೆ. ನಮ್ಮ ಎರೆಭೂಮಿಯ ಬಿಸಿಲಿಗೆ, ಧೂಳಿಗೆ ಹತ್ತಿಯ ಒಡಲನ್ನು ಮೀರಿಸುವ ಬಟ್ಟೆ ನನಗಂತೂ ಸಿಕ್ಕಿಲ್ಲ. ಗದಗ ಹಿಂದಿನಿಂದಲೂ ಹತ್ತಿಯ ದೊಡ್ಡ ಪೇಟೆ ಎಂಬುದನ್ನು ಉಡುವಾಗಲೂ ನೆನಪಿಡಬೇಕು.

ಇನ್ನು ಕುಪ್ಪಸ. ಇಲ್ಲಿ ನನಗೆ ಪಾಠ ಹೇಳಿದವಳು ಅಜ್ಜಿ. ಅಂಗಡಿಯವರು ದಡಿಯ ಬಣ್ಣಕ್ಕೆ ಹೊಂದುವ ಕೆಂಪು ತುಂಡನ್ನೇ ಸೀರೆಯ ಮೇಲಿಟ್ಟು ತೋರಿಸಿದರೆ ಅವಳು ಹೇಳುತ್ತಿದ್ದಳು: “ದಡಿಗೆ ಹೊಂದೂ ಕುಪ್ಪಸ ಹಾಕ್ಕೊಂಡ್ರ ದಡಿನೂ ಕಾಣಂಗಿಲ್ಲ, ಕುಪ್ಪಸನೂ ಕಾಣಂಗಿಲ್ಲವಾ.” ಅವಳ ಪೆಟ್ಟಿಗೆಯಲ್ಲಿ ಕಪ್ಪು ಸೀರೆಗೆ ಗಿಳಿಹಸಿರು ಖಣ, ಹಸಿರು ಸೀರೆಗೆ ನೇರಳೆ ಖಣ, ಬದನೆಕಾಯಿ ಬಣ್ಣದ್ದಕ್ಕೆ ಅರಿಷಿಣ ಖಣ. ಬಣ್ಣಗಳು ಎದುರುಬದುರು ನಿಲ್ಲಬೇಕು ಎನ್ನುವುದು ಅವಳ ನಿಯಮ. ಇವತ್ತಿನ ಫ್ಯಾಶನ್ ಪತ್ರಿಕೆಗಳು ಅದನ್ನೇ ಹೊಸದಾಗಿ ಹೇಳುತ್ತಿವೆ.

ಖಣದ ಊರು ಗುಳೇದಗುಡ್ಡ. ಹಾಸಿನಲ್ಲಿ ಹೆಚ್ಚಿನ ಎಳೆ ಹೂಡಿ ಸಣ್ಣಸಣ್ಣ ಚಿತ್ರ ಎಬ್ಬಿಸುತ್ತಾರೆ: ತೇರು, ಆನೆಹೆಜ್ಜೆ, ಚಿಕ್ಕಿ, ಹೂವು. ಬಟ್ಟೆಯ ಪನ್ನ ಕಿರಿದು, ಎರಡೂ ಬದಿಗೆ ಅಂಚು. ಈ ಅಂಚು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಕುಪ್ಪಸದ ಚಂದ ನಿಂತಿದೆ. ಒಳ್ಳೆಯ ಟೇಲರ್ ಕತ್ತರಿ ಎತ್ತುವ ಮೊದಲೇ ಕೇಳುತ್ತಾರೆ: “ಅಕ್ಕಾರ, ಅಂಚು ತೋಳಿಗೆ ತರ್ಲ್ಯಾ, ಬೆನ್ನಿಗೂ ಬೇಕ್ರ್ಯಾ?” ತೋಳಿಗೆ ಬೇಕೇಬೇಕು. ಮೊಣಕೈಗಿಂತ ಎರಡು ಬೆರಳು ಮೇಲೆ ಅಂಚು ಬಂದರೆ ತೋಳಿಗೊಂದು ಕಡಗ ತೊಟ್ಟ ಹಾಗೆ ಕಾಣುತ್ತದೆ. ಖಣದ ಚಿತ್ರ ತೋಳಳತೆಯ ದೂರದಿಂದ ನೋಡಲಿಕ್ಕೆಂದು ನೇಯ್ದದ್ದು. ಅದನ್ನೇ ಉದ್ದ ಗೌನು ಮಾಡಿದರೆ ದೂರಕ್ಕೆ ಬರೀ ಚುಕ್ಕಿಗಳು ಕಾಣುತ್ತವೆ. ಕುಪ್ಪಸ, ಚಿಕ್ಕ ಕೋಟು, ಕುರ್ತಾದ ಕಾಲರು, ಇಷ್ಟರಲ್ಲಿ ಖಣಕ್ಕೆ ಮರ್ಯಾದೆ ಉಳಿಯುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಹೊಲಿಸದ ಖಣಕ್ಕೆ ಬರವಿಲ್ಲ. ಮದುವೆಯಲ್ಲಿ, ಬಸುರಿಗೆ ಕುಬುಸ ಮಾಡುವಾಗ, ಹಬ್ಬಕ್ಕೆ ಬಂದ ಮಗಳನ್ನು ಕಳಿಸುವಾಗ ಅಕ್ಕಿ, ತೆಂಗಿನಕಾಯಿ, ಎಲೆ-ಅಡಿಕೆಯ ಜೊತೆ ಉಡಿಗೆ ಖಣ ಬೀಳುತ್ತದೆ. ಈಗ ಹೆಚ್ಚಾಗಿ ಬೀಳುವುದು ಪಾಲಿಯೆಸ್ಟರ್ ತುಂಡು, ಒಂದು ಉಡಿಯಿಂದ ಇನ್ನೊಂದು ಉಡಿಗೆ ಸುತ್ತುತ್ತಲೇ ಇರುತ್ತದೆ. ಉಡಿ ತುಂಬುವವರು ಹತ್ತು ಅಂಥ ತುಂಡುಗಳ ಬದಲು ಒಂದೇ ಒಂದು ನಿಜವಾದ ಖಣ ಕೊಟ್ಟರೆ ಗುಳೇದಗುಡ್ಡದ ಮಗ್ಗಕ್ಕೂ ಉಪಕಾರ, ತೊಡುವವಳಿಗೂ ಸಂತೋಷ.

ಒಡವೆಯ ವಿಚಾರದಲ್ಲಿ ನನ್ನ ಗುರು ಕಲ್ಲು. ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿ ಸರಸ್ವತಿಯ ಮೂರ್ತಿಯಿದೆ. ಕೈಗಳು ಮುರಿದಿವೆ, ಆದರೂ ಅವಳ ಕೊರಳು, ಸೊಂಟ, ಮುಡಿ ನೋಡಿದಷ್ಟೂ ಮುಗಿಯುವುದಿಲ್ಲ. ಶಿಲ್ಪಿ ಆಭರಣವನ್ನೆಲ್ಲ ಕೆಲವೇ ಕಡೆ ಒತ್ತಾಗಿ ಇಟ್ಟು, ಮುಖ, ಭುಜ, ತೋಳನ್ನು ನುಣುಪಾಗಿ ಬಿಟ್ಟಿದ್ದಾನೆ. ಅಲ್ಲಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರನ ಬಾಗಿಲವಾಡವನ್ನು ನೋಡಿ, ಆಮೇಲೆ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಗೋಡೆಯ ಮುಂದೆ ನಿಲ್ಲಿ. ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಪುಸ್ತಕ ನನಗೆ ಗೊತ್ತಿಲ್ಲ. ಬೋರಮಾಳ ಹಾಕಿದ ದಿನ ನಾನು ಕಿವಿಗೆ ಸಣ್ಣ ಬೆಂಡೋಲೆ ಇಡುತ್ತೇನೆ. ಜುಮಕಿ ಇಟ್ಟ ದಿನ ಕೊರಳು ಖಾಲಿ. ಕೈಗೆ ಹಸಿರು ಗಾಜಿನ ಬಳೆ ಯಾವತ್ತೂ ಇರುತ್ತವೆ, ಏಕೆಂದರೆ ಸೆರಗಿನ ಕೆಂಪನ್ನು ಎತ್ತಿಹಿಡಿಯಲು ಆ ಹಸಿರಿಗಿಂತ ಒಳ್ಳೆಯ ಜೊತೆಯಿಲ್ಲ.

ಈ ಖಾಲಿ ಬಿಡುವ ನಿಯಮವನ್ನು ಪೂರಾ ಮುರಿದೂ ಚಂದ ಕಾಣುವವರು ಲಂಬಾಣಿ ಹೆಂಗಸರು. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಾಂಡಾಗಳ ಹಿರಿಯರು ಸಂತೆಗೆ ಬಂದಾಗ ಅವರ ಫೇಟಿಯಾ, ಕಾಂಚಳಿ, ತೋಳ ತುಂಬ ಬಿಳಿ ಬಲಿಯಾ, ಕೆನ್ನೆಯ ಪಕ್ಕ ಜೋತುಬಿದ್ದ ಬೆಳ್ಳಿಯನ್ನು ನಾನು ಬಿಡದೆ ನೋಡುತ್ತೇನೆ. ಕನ್ನಡಿ, ಕವಡೆ, ನೂಲು ಇಂಚೂ ಬಿಡದೆ ಹರಡಿದ್ದರೂ ಗೊಂದಲವಿಲ್ಲ. ಕಾರಣ ಹೊಲಿಗೆಯ ಶಿಸ್ತು: ಕಿಲನ್, ವೇಲೆ, ಬಕ್ಕ್ಯಾ, ಮಾಕಿ ಎಂದು ಒಂದೊಂದಕ್ಕೂ ಹೆಸರಿದೆ, ಪ್ರತಿ ಚೌಕಕ್ಕೂ ಗಡಿಯಿದೆ. ಸಂಡೂರಿನ ಕುಶಲ ಕಲಾ ಕೇಂದ್ರ ಈ ಕೆಲಸವನ್ನು ಹೊರಜಗತ್ತಿಗೆ ಒಯ್ದಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1755 ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಾನು ಅವರ ಪೂರ್ತಿ ಉಡುಗೆಯನ್ನು ಫೋಟೋಕ್ಕಾಗಿ ತೊಡುವುದಿಲ್ಲ. ಅದು ಅವರ ಬದುಕಿನ ಉಡುಗೆ, ನನ್ನ ಒಂದು ದಿನದ ವೇಷವಾಗಬಾರದು. ಅವರಲ್ಲೊಬ್ಬರು ದುಡ್ಡಿಗೆ ಹೊಲಿದುಕೊಟ್ಟ ಚೀಲವಿದೆ. ಬಿಳಿ ಕುರ್ತಾ ತೊಟ್ಟ ದಿನ ಹೆಗಲಿಗೆ ಅದೊಂದೇ ಸಾಕು.

ಬಟ್ಟೆಯ ಹಿಂಬದಿ ನೋಡುವ ಚಟವೂ ನನಗಿದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು, ಗಂಟೂ ಹಾಕುವಂತಿಲ್ಲ. ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಕಪ್ಪು ಚಂದ್ರಕಾಳಿಯ ಮೇಲಿನ ಗೋಪುರ, ತೇರು, ಅಂಬಾರಿ ಆನೆಯನ್ನು ಯಾರಾದರೂ ತೋರಿಸಿದರೆ ನಾನು ಸೆರಗು ಮಗುಚಿ ನೋಡಿಯೇ ಬೆಲೆ ಕೇಳುತ್ತೇನೆ. ನಮ್ಮದೇ ಜಿಲ್ಲೆಯ ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಸೀರೆಗೂ ಹಿಂದು-ಮುಂದು ಎಂಬುದಿಲ್ಲ. ದಪ್ಪ ಹತ್ತಿ, ಚೌಕಡಿ, ಅಗಲವಾದ ಸಾದಾ ಅಂಚು. ಹೆಚ್ಚುಕಡಿಮೆ ಮರೆತೇ ಹೋಗಿದ್ದ ಅದನ್ನು ಹೇಮಲತಾ ಜೈನ್ ಹುಡುಕಿ, ನೇಕಾರರ ಬೆನ್ನುಹತ್ತಿ ಮತ್ತೆ ಮಗ್ಗಕ್ಕೆ ತಂದರು. ಹೊಲದ ಕೆಲಸದ ಹೆಂಗಸರಿಗೆ ಒಗ್ಗುವ ಗಟ್ಟಿತನ ಅದಕ್ಕಿದೆ. ಆಫೀಸಿಗೆ ಉಡಲು ಅದಕ್ಕಿಂತ ಆರಾಮದ ಸೀರೆ ನನ್ನ ಬಳಿಯಿಲ್ಲ. ಎಷ್ಟು ಒಗೆದರೆ ಅಷ್ಟು ಮೆತ್ತಗಾಗುತ್ತದೆ.

ವ್ಯಕ್ತಿಗಳಲ್ಲಿ ಒಂದು ಹೆಸರು ಹೇಳಬೇಕೆಂದರೆ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು. ಅವರ ಫೋಟೋಗಳಲ್ಲಿ ಕೈಮಗ್ಗದ ಸೀರೆ, ದೊಡ್ಡ ಕುಂಕುಮ, ಬೆಳ್ಳಿಯ ಒಡವೆ ಎಷ್ಟು ಸಹಜವಾಗಿ ಕೂತಿವೆ ನೋಡಿ. ಉಳಿಸಬೇಕು ಎಂದು ಹೇಳಿದ್ದನ್ನು ಅವರು ತಾವೇ ಉಟ್ಟರು, ಸಭೆಗೂ ಉಟ್ಟರು, ಪ್ರಯಾಣಕ್ಕೂ ಉಟ್ಟರು.

ಕಾಲಿಗೆ ಕೊಲ್ಹಾಪುರಿ. ಹೆಸರು ಆಚೆಯದಾದರೂ ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರ ಕೈಯಲ್ಲಿ ಹುಟ್ಟುವ ಚಪ್ಪಲಿಯೂ ಅದೇ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೊಡಿಸಿ, ಮೂಲ ಹೇಳದೆ, ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಮುಡಿಗೆ ಹೂವು ಬೇಕೆಂದರೆ ಮುಂಡರಗಿಯಿಂದ ಹೊಳೆ ದಾಟಿದರೆ ಹಡಗಲಿ. ಅಲ್ಲಿನ ಮಲ್ಲಿಗೆಯ ಮುಂದೆ ಅತ್ತರಿನ ಸೀಸೆ ಬೇಡ.

ಕಾಲೇಜಿನ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಅಮ್ಮನ ಇಳಕಲ್ ಸೀರೆ ಕತ್ತರಿಸಿ ಫ್ರಾಕು ಹೊಲಿಸಬಹುದೇ ಎಂದು. ಒಡಲು ಹರಿದಿದ್ದರೆ ಧಾರಾಳವಾಗಿ ಹೊಲಿಸಿ, ಉಳಿದ ತುಂಡು ಕೌದಿಗೆ ಹಾಕಿ. ಆದರೆ ಕೊಂಡಿ ಗಟ್ಟಿಯಿರುವ ಸೀರೆಗೆ ಕತ್ತರಿ ಇಡಬೇಡಿ. ಜೀನ್ಸಿನ ಮೇಲೆ ಬಿಳಿ ಅಂಗಿ ತೊಟ್ಟು ಹಳೆಯ ಸೆರಗನ್ನು ದುಪಟ್ಟಾ ಮಾಡಿಕೊಳ್ಳುವ ಹುಡುಗಿಯರನ್ನು ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮದ ಸಂಗೀತ ಕಾರ್ಯಕ್ರಮದಲ್ಲಿ ನೋಡಿದ್ದೇನೆ, ಬಹಳ ಚಂದ ಕಾಣುತ್ತಿದ್ದರು. ಮೊದಲ ಒಗೆತದಲ್ಲಿ ಕೆಂಪು ಬಿಡುವ ಭಯವಿರುತ್ತದೆ. ಸೀರೆಯನ್ನು ನೆನೆಹಾಕಬೇಡಿ, ತಣ್ಣೀರಿನಲ್ಲಿ ಬೇಗ ಜಾಲಿಸಿ, ಹಿಂಡದೆ ನೆರಳಿಗೆ ಹರವಿ.

ಈ ವರ್ಷದ ಪಂಚಮಿಗೆ ಕೊಂಡಿಯ ಸೀರೆ ಬೇಕೆನ್ನುವವರು ಹಬ್ಬದ ಹಿಂದಿನ ವಾರ ಅಂಗಡಿಗೆ ಓಡಿದರೆ ಇದ್ದದ್ದನ್ನು ತರಬೇಕಾಗುತ್ತದೆ. ಬೆಟಗೇರಿಯಲ್ಲಿ ನೇಯುವವರ ಮನೆಗೇ ಹೋಗಿ ಈಗಲೇ ಹೇಳಿಡಿ. ಒಡಲಿನ ಬಣ್ಣ, ದಡಿಯ ಹೆಸರು, ಎಷ್ಟು ಗಜ ಎನ್ನುವುದನ್ನು ಚೀಟಿಯಲ್ಲಿ ಬರೆದು, ಅರ್ಧ ಹಣ ಮುಂಗಡ ಕೊಟ್ಟು ಬನ್ನಿ.