ಶಾಪ, ಸಾಲ ಮತ್ತು ಅಂಗಿಯ ಗುಂಡಿ: ಸ್ಯಾಮ್ ರೈಮಿಯವರ ಭಯಾನಕ ಚಿತ್ರವೊಂದರ ಜಾನಪದೀಯ ನೆಲೆ

ಭಯಾನಕ ಚಿತ್ರಗಳಿಂದ ಹೆಸರಾದ ನಿರ್ದೇಶಕನೊಬ್ಬ ಬೇರೆಡೆಗೆ ಹೊರಳಿ ಮತ್ತೆ ಅದೇ ಪ್ರಕಾರಕ್ಕೆ ಮರಳಿದಾಗ, ವಿಮರ್ಶೆಯು ಸಾಮಾನ್ಯವಾಗಿ ಆತನ ಶೈಲಿಯ ಪುನರಾಗಮನವನ್ನಷ್ಟೇ ಗುರುತಿಸುತ್ತದೆ. ಆತ ಯಾವ ನಂಬಿಕೆಗಳಿಗೆ ಮರಳಿದ್ದಾನೆ ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. 'ದಿ ಈವಿಲ್ ಡೆಡ್' (1981) ಚಿತ್ರದಿಂದ ಪ್ರಸಿದ್ಧರಾದ ಅಮೆರಿಕದ ಸ್ಯಾಮ್ ರೈಮಿ 2002ರಿಂದ 2007ರವರೆಗೆ ಮೂರು 'ಸ್ಪೈಡರ್-ಮ್ಯಾನ್' ಚಿತ್ರಗಳನ್ನು ನಿರ್ದೇಶಿಸಿದರು. ಬಳಿಕ ಸಹೋದರ ಐವಾನ್ ರೈಮಿಯವರೊಡನೆ ಬರೆದ 'ಡ್ರ್ಯಾಗ್ ಮಿ ಟು ಹೆಲ್' (2009) ಮೂಲಕ ಭಯಾನಕಕ್ಕೆ ಮರಳಿದರು. ಈ ಮರಳುವಿಕೆಯನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಅಗತ್ಯವಾಗಿದೆ.

ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ ಕ್ರಿಸ್ಟೀನ್ ಬಡ್ತಿಯ ನಿರೀಕ್ಷೆಯಲ್ಲಿದ್ದಾಳೆ. ಮನೆಸಾಲದ ಗಡುವನ್ನು ಮತ್ತೊಮ್ಮೆ ವಿಸ್ತರಿಸಬೇಕೆಂದು ಬಂದ ವೃದ್ಧೆ ಗನುಶ್ ಮಂಡಿಯೂರಿ ಬೇಡಿಕೊಂಡರೂ ಕ್ರಿಸ್ಟೀನ್ ನಿರಾಕರಿಸುತ್ತಾಳೆ. ಅವಮಾನಿತಳಾದ ವೃದ್ಧೆ ಕ್ರಿಸ್ಟೀನಳ ಕೋಟಿನ ಗುಂಡಿಯೊಂದನ್ನು ಕಿತ್ತು, ಶಪಿಸಿ, ಅದನ್ನು ಮರಳಿಸುತ್ತಾಳೆ. ಮೂರು ದಿನಗಳ ಪೀಡನೆಯ ಅನಂತರ 'ಲಾಮಿಯಾ' ಎಂಬ ಪಿಶಾಚಿ ಗುಂಡಿಯ ಒಡೆಯಳನ್ನು ನರಕಕ್ಕೆ ಎಳೆದೊಯ್ಯಬೇಕು.

ಇಲ್ಲಿ ಗುಂಡಿಯ ಪಾತ್ರ ಗಮನಾರ್ಹ. ಒಮ್ಮೆ ಸಂಪರ್ಕದಲ್ಲಿದ್ದ ವಸ್ತುಗಳು ಬೇರ್ಪಟ್ಟ ಮೇಲೂ ಪರಸ್ಪರ ಪ್ರಭಾವ ಬೀರುತ್ತವೆಂಬ ನಂಬಿಕೆಯನ್ನು ಜೇಮ್ಸ್ ಫ್ರೇಜರ್ ಸಾಂಕ್ರಾಮಿಕ ಮಾಟವೆಂದು ಗುರುತಿಸಿದ್ದಾರೆ. ಕೂದಲು, ಉಗುರು, ಉಟ್ಟ ಬಟ್ಟೆಯ ತುಂಡುಗಳನ್ನು ಮಾಟಕ್ಕೆ ಬಳಸುವ ನಂಬಿಕೆ ಕನ್ನಡ ನಾಡಿನಲ್ಲಿಯೂ ಉಂಟು. ಪೀಡೆಯನ್ನು ವಸ್ತುವಿನೊಡನೆ ಇನ್ನೊಬ್ಬರಿಗೆ ದಾಟಿಸುವ ಆಶಯ ಎಂ. ಆರ್. ಜೇಮ್ಸ್ ಅವರ 'ಕಾಸ್ಟಿಂಗ್ ದಿ ರೂನ್ಸ್' ಕಥೆಯಲ್ಲಿಯೂ, ಅದನ್ನಾಧರಿಸಿದ 'ನೈಟ್ ಆಫ್ ದಿ ಡೀಮನ್' (1957) ಚಿತ್ರದಲ್ಲಿಯೂ ಇದೆ. ರೈಮಿಯವರು ಈ ಆಶಯಕ್ಕೆ ದಾನದ ನಿಯಮವನ್ನು ಬಿಗಿಯಾಗಿ ಹೊಂದಿಸಿದ್ದಾರೆ. ಸತ್ತ ವೃದ್ಧೆಯ ಗೋರಿಯನ್ನು ತೋಡಿ ಕ್ರಿಸ್ಟೀನ್ ಒಪ್ಪಿಸುವ ಲಕೋಟೆಯಲ್ಲಿದ್ದುದು ನಾಣ್ಯ, ಗುಂಡಿಯಲ್ಲ. ಭಾವ ಎಷ್ಟೇ ತೀವ್ರವಾಗಿದ್ದರೂ ವಸ್ತು ತಪ್ಪಿದರೆ ವಿಧಿ ಫಲಿಸದೆಂಬ ಈ ತರ್ಕ ಚಿತ್ರದ ದೊಡ್ಡ ಬಲ.

ಆದರೆ ಲಾಮಿಯಾಳ ವಿಷಯದಲ್ಲಿ ಚಿತ್ರ ಕಳೆದುಕೊಂಡುದೇ ಹೆಚ್ಚು. ಗ್ರೀಕ್ ಐತಿಹ್ಯದಲ್ಲಿ ಆಕೆ ಲಿಬಿಯಾದ ರಾಣಿ. ಹೇರಾಳ ಮತ್ಸರಕ್ಕೆ ಮಕ್ಕಳನ್ನು ಕಳೆದುಕೊಂಡು, ಪರರ ಮಕ್ಕಳನ್ನು ಭಕ್ಷಿಸುವವಳಾದ ತಾಯಿ. ಚಿತ್ರದಲ್ಲಿ ಆಕೆ ಕೊಂಬು-ಗೊರಸುಗಳ ನೆರಳಾಗಿದ್ದಾಳೆ. ಹೆಸರು ಉಳಿದು ದುಃಖ ಅಳಿದಿದೆ.

ಇದೇ ನಷ್ಟ ಗನುಶಳ ಚಿತ್ರಣದಲ್ಲಿಯೂ ಕಾಣುತ್ತದೆ. ಜನಪದದಲ್ಲಿ ಶಾಪವು ನ್ಯಾಯಾಲಯವಿಲ್ಲದವರ ನ್ಯಾಯ. ಒಡವೆಗಾಗಿ ಬೆನ್ನಟ್ಟಿದ ಅರಸನನ್ನು ಶಪಿಸಿ ಹೊಳೆಗೆ ಹಾರಿದಳೆನ್ನಲಾದ ತಲಕಾಡಿನ ಅಲಮೇಲಮ್ಮನ ಐತಿಹ್ಯದಲ್ಲಿ ಶಾಪ ಅಧಿಕಾರದ ನೆಲೆಯನ್ನೇ, ಅರಸನ ವಂಶವನ್ನೇ ತಟ್ಟುತ್ತದೆ. ರೈಮಿಯವರ ಚಿತ್ರದಲ್ಲಿ ಅದು ಬ್ಯಾಂಕನ್ನು ಮುಟ್ಟುವುದಿಲ್ಲ. ನೌಕರಳೊಬ್ಬಳನ್ನು ನುಂಗಿ ತೃಪ್ತವಾಗುತ್ತದೆ. 2008ರ ಆರ್ಥಿಕ ಕುಸಿತದ ಮರುವರ್ಷವೇ ತೆರೆಕಂಡುದರಿಂದ ಮನೆ ಕಳೆದುಕೊಂಡವರ ಸಿಟ್ಟು ಇದರಲ್ಲಿ ಕಂಡಿತಾದರೂ, ಕಥೆ ಅದಕ್ಕೆ ಬಹು ಮೊದಲೇ ರೂಪುಗೊಂಡಿತ್ತು. ಕ್ರಿಸ್ಟೀನ್ ನಿರ್ದೋಷಿಯಲ್ಲವೆಂಬುದು ನಿಜ. ನಿರ್ಧಾರವನ್ನು ಮೇಲಧಿಕಾರಿ ಆಕೆಗೇ ಬಿಟ್ಟಿದ್ದನು. ಕೊನೆಯಲ್ಲಿ ಆಕೆ ಅದನ್ನು ಒಪ್ಪಿಕೊಳ್ಳುತ್ತಾಳೆ. ಆದರೆ ತಪ್ಪೊಪ್ಪಿಗೆಯ ಬೆನ್ನಲ್ಲೇ ರೈಲುಹಳಿಯ ಮೇಲೆ ನೆಲ ಬಾಯ್ದೆರೆಯುತ್ತದೆ. ಪ್ರಾಯಶ್ಚಿತ್ತಕ್ಕೆ ಎಡೆಯಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಗನುಶ್ ರೋಮಾ ಸಮುದಾಯದವಳೆಂದು ಚಿತ್ರ ಸೂಚಿಸುತ್ತದೆ. ಆ ಜನರ ಭಾಷೆ ಇಂಡೋ-ಆರ್ಯನ್ ಮೂಲದ್ದೆಂದು ಭಾಷಾಶಾಸ್ತ್ರ ಸಿದ್ಧಪಡಿಸಿದೆ. ಶಾಪದ ನಿಯಮಗಳನ್ನು ವಿವರಿಸುವ ಜ್ಯೋತಿಷಿ ರಾಮ್ ಜಾಸ್ ಕೂಡ ಭಾರತೀಯ ಮೂಲದವನು. ಕೇಡು, ಅದರ ತಿಳಿವಳಿಕೆ ಎರಡೂ ಪೂರ್ವದವು. ಬ್ಯಾಂಕು ಮಾತ್ರ ಸಹಜ ಲೋಕಕ್ಕೆ ಸೇರಿದ್ದು. ಮಾಟಗಾತಿಯೆಂಬ ಹಣೆಪಟ್ಟಿಯಿಂದ ಶತಮಾನಗಳ ಕಾಲ ಹಿಂಸೆಗೊಳಗಾದ, ನಾಜಿ ಆಳ್ವಿಕೆಯಲ್ಲಿ ಸಾಮೂಹಿಕವಾಗಿ ಕೊಲೆಗೀಡಾದ ಸಮುದಾಯವೊಂದರ ಮುದುಕಿಯ ಹಲ್ಲುಸೆಟ್ಟನ್ನೂ ಲೋಳೆಯನ್ನೂ ನಗೆಯ ಸರಕಾಗಿಸುವುದು ಮುಗ್ಧ ಕ್ರಿಯೆಯಲ್ಲ.

ಹೀಗಾಗಿ ರೈಮಿಯವರ ಮರಳುವಿಕೆ ತಂತ್ರದ ದೃಷ್ಟಿಯಿಂದ ಸಫಲ, ಜಾನಪದದ ದೃಷ್ಟಿಯಿಂದ ಅರೆಬರೆ. ಅವರು ಮಾಟದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದ್ದಾರೆ; ಆದರೆ ಆ ವ್ಯಾಕರಣವನ್ನು ನುಡಿದವರ ಸಂಕಟವನ್ನು ಕೇಳಿಸಿಕೊಂಡಿಲ್ಲ. ಶಾಪವನ್ನು ಹೆದರಿಸುವ ಸಾಧನವಾಗಿ ಬಳಸುವ ಕಲಾವಿದನಿಗೆ ಶಪಿಸಿದವಳ ಮಾತನ್ನು ಪೂರ್ತಿ ಆಲಿಸುವ ಹೊಣೆಯೂ ಇರುತ್ತದೆ.