‘ಗುರುತಿಸುವುದು’ ಎಂಬ ಮಾತಿನ ಮಿತಿ
ಬ್ಯಾಕ್ಟೀರಿಯಾದ ದೂತ ಆರ್‌ಎನ್‌ಎಯು ಪ್ರೋಟೀನಿನ ನೆರವಿಲ್ಲದೆಯೇ ಜೀವಸತ್ತ್ವವನ್ನು ಗುರುತಿಸಿ ಜೀನುಗಳನ್ನು ನಿಯಂತ್ರಿಸಬಲ್ಲುದೆಂಬುದು 2002ರಲ್ಲಿ ಶ್ರುತಪಟ್ಟಿತು. ಆದರೆ ‘ಗುರುತಿಸುವುದು’ ಎಂಬ ಮಾತನ್ನು ನಾವು ವಿಮರ್ಶಿಸದೆ ಬಳಸುತ್ತ ಬಂದಿದ್ದೇವೆ. 2006ರಲ್ಲಿ ಪ್ರಕಟವಾದ ಸ್ಫಟಿಕರಚನೆಗಳನ್ನು ನೋಡೋಣ. ಬಿ1 ಜೀವಸತ್ತ್ವದ ಸಕ್ರಿಯ ರೂಪವಾದ ಥಯಮಿನ್ ಪೈರೋಫಾಸ್ಫೇಟಿನ ಒಂದು ತುದಿಯ ಪಿರಿಮಿಡೀನ್ ಉಂಗುರವನ್ನು ಆರ್‌ಎನ್‌ಎಯ ಒಂದು ತೋಳು ಹಿಡಿಯುತ್ತದೆ. ಮತ್ತೊಂದು ತುದಿಯ ಫಾಸ್ಫೇಟುಗಳನ್ನು ಮೆಗ್ನೀಸಿಯಮ್ ಅಯಾನುಗಳ ಮೂಲಕ ಇನ್ನೊಂದು ತೋಳು ಹಿಡಿಯುತ್ತದೆ. ನಡುವಣ ಥಯಜೋಲ್ ಉಂಗುರದ ಪರೀಕ್ಷೆ ಅಷ್ಟು ಬಿಗಿಯಾದುದಲ್ಲ. ಆ ಉಂಗುರದ ಎಡೆಯಲ್ಲಿ ಪಿರಿಡೀನ್ ಉಂಗುರವುಳ್ಳ ಪೈರಿಥಯಮಿನ್ ಎಂಬ ವಿಷಕಾರಿ ಅಣು, ಕೋಶದೊಳಗೆ ಪೈರೋಫಾಸ್ಫೇಟಿನ ರೂಪ ತಾಳಿ, ಅದೇ ಸ್ಥಾನದಲ್ಲಿ ನೆಲಸುತ್ತದೆ. ಥಯಮಿನ್ ಸಾಕಷ್ಟಿದೆಯೋ ಎಂಬಂತೆ ಅದರ ತಯಾರಿಕೆಯ ಜೀನುಗಳು ಅಡಗುತ್ತವೆ. ಆದುದರಿಂದ ಇಲ್ಲಿ ಆರ್‌ಎನ್‌ಎ ಮುಖ್ಯವಾಗಿ ಅರಿಯುವುದು ತುದಿಗಳನ್ನು, ಇಡೀ ಅಣುವನ್ನಲ್ಲ. ಹೊಸ ಔಷಧಗಳ ಶೋಧಕ್ಕೆ ಈ ಮಿತಿಯೇ ದಾರಿಯಾಗಿರುವಾಗ, ಬೋಧನೆಯಲ್ಲಿ ನಾವು ಅದನ್ನು ಮರೆಯಲಾಗದು.