ಅಪ್ಪ, ಅಮ್ಮ, ಪದಕ: ಮಹಿಳಾ ಗಾಲ್ಫ್ ಬಗೆಗಿನ ಕನ್ನಡ ಕಥನದಲ್ಲಿ ಕಾಣದ ಕಾಲೇಜು

ಕನ್ನಡ ಎಂ.ಎ. ಓದೋ ಮಡಕಶಿರಾದ ಹುಡುಗಿಗೆ ಗಾಲ್ಫ್ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಾನು ಮಾತಾಡೋದು ಆಟದ ಬಗ್ಗೆ ಅಲ್ಲ, ಆಟಗಾರ್ತಿಯ ಬಗ್ಗೆ ಕನ್ನಡದಲ್ಲಿ ನಾವು ಕಟ್ಟುವ ಕಥೆಯ ಬಗ್ಗೆ.

2021ರ ಆಗಸ್ಟ್ 7ರಂದು ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಹೊಡೆತ. ಅಂದಿನಿಂದ ಅವರ ಕಥೆ ಒಂದು ಅಚ್ಚಿಗೆ ಬಿದ್ದಿದೆ. ರಿಯೊದಲ್ಲಿ ಅಪ್ಪ ಬ್ಯಾಗು ಹೊತ್ತರು, ಟೋಕಿಯೊದಲ್ಲಿ ಅಮ್ಮ ಹೊತ್ತರು, ಮಗಳು ಪ್ರತಿಭಾವಂತೆ, ಪದಕ ಕೂದಲೆಳೆಯಲ್ಲಿ ತಪ್ಪಿತು. ಎಲ್ಲವೂ ನಿಜ. ಆದರೆ ಇದು ಹರಕೆ ಹೊತ್ತು ಪಡೆದ ಮಗುವಿನ ಕಥೆಯ ಧಾಟಿ. ಮನೆ ಇದೆ, ವರ ಇದೆ, ವಿಧಿ ಇದೆ, ನಡುವೆ ಸಂಸ್ಥೆ ಅನ್ನೋದೇ ಇಲ್ಲ.

ಅಮೆರಿಕದಲ್ಲಿ ಈ ಕಥೆಗೆ ಇನ್ನೊಂದು ಪಾತ್ರ ಉಂಟು: ವಿಶ್ವವಿದ್ಯಾಲಯ. ಅಲ್ಲಿ ಕಾಲೇಜು ಹುಡುಗಿಯರ ಗಾಲ್ಫ್ ಪಂದ್ಯಾವಳಿ ಓಹಾಯೊ ಸ್ಟೇಟ್‌ನಲ್ಲಿ ನಡೆದದ್ದು 1941ರಲ್ಲಿ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗಭೇದ ಮಾಡಬಾರದು ಅನ್ನೋ ಕಾನೂನು 1972ರಲ್ಲಿ ಬಂತು, ಹುಡುಗಿಯರ ತಂಡಗಳಿಗೂ ವಿದ್ಯಾರ್ಥಿವೇತನಕ್ಕೂ ದಾರಿಯಾಯ್ತು. ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್ 1991ರಲ್ಲಿ ಕಾಲೇಜು ಚಾಂಪಿಯನ್ ಆದದ್ದು ಅರಿಜೋನಾ ವಿಶ್ವವಿದ್ಯಾಲಯದ ಹುಡುಗಿಯಾಗಿ. ನನಗೆ ಹಿಡಿಸಿದ್ದು ಅಲ್ಲಿಯ ಲೆಕ್ಕ. ತಂಡದಲ್ಲಿ ಐವರು ಆಡ್ತಾರೆ, ಒಳ್ಳೆಯ ನಾಲ್ಕು ಅಂಕಗಳನ್ನಷ್ಟೇ ಹಿಡೀತಾರೆ. ಒಬ್ಬಳ ದಿನ ಕೆಟ್ಟರೂ ತಂಡ ಕೆಡಲ್ಲ. ಒಂಟಿಯಾಗಿ ಆಡೋ ಆಟದಲ್ಲಿ ಸೋಲೋದಕ್ಕೂ ಒಂದು ಜಾಗ ಮಾಡಿಟ್ಟಿದ್ದಾರೆ!

ಅದಿತಿ ಆ ದಾರಿ ಹಿಡಿಯಲಿಲ್ಲ, 2016ರಲ್ಲಿ ಹದಿನೇಳರ ವಯಸ್ಸಿಗೇ ವೃತ್ತಿಪರರಾದರು. ಅದು ಅವರ ಆಯ್ಕೆ. ಆದರೆ ಐದನೇ ವಯಸ್ಸಿಗೆ ಬೆಂಗಳೂರಲ್ಲಿ ಗಾಲ್ಫ್ ಮೈದಾನ ಸಿಕ್ಕ ಒಬ್ಬರ ಬದುಕನ್ನೇ ಎಲ್ಲರ ಮಾದರಿ ಮಾಡಿದ್ದು ನಮ್ಮ ಬರವಣಿಗೆ.

ಭಾಷೆಯ ಮಾತಿಗೆ ಬರ್ತೀನಿ. ರಾಯದುರ್ಗ, ಮಡಕಶಿರಾ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಅಂಥ ಓದುಗರಿಗೆ ಪಾರ್, ಬರ್ಡಿ, ಪಟ್ ಅಂತ ಹಾಗೇ ಅಚ್ಚು ಹಾಕಿದರೆ ಏನು ತಿಳೀಬೇಕು? 269 ಅಂದ್ರೆ ಕ್ರಿಕೆಟ್ ನೋಡೋರಿಗೆ ದೊಡ್ಡ ಮೊತ್ತ. ಇಲ್ಲಿ ಕಮ್ಮಿ ಹೊಡೆದವರೇ ಗೆದ್ದವರು, ನಾಲ್ಕು ಸುತ್ತಿಗೆ ನಿಗದಿಯಾದ ಲೆಕ್ಕಕ್ಕಿಂತ ಅದಿತಿ 15 ಹೊಡೆತ ಕಮ್ಮಿ ಆಡಿದ್ದರು ಅಂತ ಒಂದು ವಾಕ್ಯ ಸಾಕಿತ್ತು. ‘ಹೋಲ್’ಗೂ ಪದ ಹುಡುಕಬೇಕಾಗಿಲ್ಲ, ಗೋಲಿ ಆಡಿದ ಮಕ್ಕಳಿಗೆಲ್ಲ ‘ಗುಳಿ’ ಗೊತ್ತು.

ರಾಯದುರ್ಗದಲ್ಲಿ ಗಾಲ್ಫ್ ಮೈದಾನ ಮಾಡಿ ಅಂತ ನಾನು ಕೇಳ್ತಿಲ್ಲ. ಕಡ್ಲೆಕಾಯಿಗೇ ಮಳೆ ಸಾಲದ ಸೀಮೆ ನಮ್ಮದು, ಆ ಹುಲ್ಲಿಗೆ ನೀರು ಯಾರು ಹಾಕ್ತಾರೆ? ಆದರೆ ಕಬಡ್ಡಿ ಆಡೋ, ಓಡೋ ನಮ್ಮ ಹುಡುಗಿಯರ ಬಗ್ಗೆ ಬರೆಯುವಾಗಲೂ ಇದೇ ಅಚ್ಚು ಬಳಸ್ತೀವಿ. ಅಪ್ಪನ ಕೂಲಿ, ಅಮ್ಮನ ಕಣ್ಣೀರು, ಕೊನೆಗೊಂದು ಪದಕ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಹೇಗೆ ನಡೀತು, ಬಸ್ ಚಾರ್ಜ್ ಯಾರು ಕೊಟ್ಟರು, ಪಂದ್ಯಕ್ಕೆ ಹೋದ ದಿನಗಳ ಹಾಜರಿ ಏನಾಯ್ತು, ತಂಡದ ಐದನೆಯವಳು ಯಾರು? ಇವನ್ನು ಕೇಳೋ ಕ್ರೀಡಾಬರಹವನ್ನೇ ನಾನು ಹುಡುಕ್ತಾ ಇದ್ದೀನಿ. ಇಂಥ ಬರಹ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಈಗ ಚರ್ಚೆಯಲ್ಲಿ ಹೇಳಿ.